ನಳಿಕೆ ಉದ್ದ ಇದ್ದರೆ ಗುಂಡು ನೆಟ್ಟಗೆ ಹೋಗುತ್ತದಾ?

ನಳಿಕೆ ಉದ್ದ ಇದ್ದಷ್ಟೂ ಗುಂಡು ನೆಟ್ಟಗೆ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಸಿನಿಮಾ ನೋಡಿ ಬಂದ ನಂಬಿಕೆ ಇರಬೇಕು.

ಪೊಲೀಸರ ಹಳೇ ತ್ರೀ ನಾಟ್ ತ್ರೀ ರೈಫಲ್ಲನ್ನೇ ತಗೊಳ್ಳಿ. ನಳಿಕೆ 25.2 ಇಂಚು. ಒಳಗೋಡೆಯಲ್ಲಿ ಕೊರೆದ ಸುರುಳಿ ಗೀರುಗಳು 10 ಇಂಚಿಗೆ ಒಂದು ಸುತ್ತು ಬರುತ್ತವೆ, ಅದೂ ಎಡಕ್ಕೆ. ಅಂದರೆ ಗುಂಡು ಒಳಗೆ ಸುತ್ತುವುದು ಬರೀ ಎರಡೂವರೆ ಸಲ. ಇಷ್ಟೇನಾ ಅನ್ನಬೇಡಿ. ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಬೀಳುವಾಗ ಅದು ಸೆಕೆಂಡಿಗೆ 2,900 ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ.

ಈ ತಿರುಗಾಟ ಯಾಕೆ ಬೇಕು? ಚೂಪು ಮೂತಿಯ ಗುಂಡಿನ ಭಾರ ಹಿಂದಕ್ಕಿರುತ್ತದೆ, ಗಾಳಿಯ ಒತ್ತಡ ಮುಂದಕ್ಕೆ ಬೀಳುತ್ತದೆ. ಸುಮ್ನೆ ಬಿಟ್ಟರೆ ಗಾಳಿ ಮೂತಿ ಎತ್ತಿ ಪಲ್ಟಿ ಹೊಡೆಸುತ್ತದೆ. ಬಾಣಕ್ಕೆ ಈ ಗೋಳಿಲ್ಲ, ಹಿಂದೆ ಗರಿ ಇದೆ. ಗುಂಡು ಬುಗುರಿಯ ಹಾಗೆ ತಿರುಗಿಯೇ ಬಚಾವಾಗಬೇಕು. ತಿರುವು ಸಾಲದಿದ್ದರೆ ಗುರಿಯ ಕಾಗದದಲ್ಲಿ ದುಂಡು ತೂತಿನ ಬದಲು ಅಡ್ಡ ಬಿದ್ದ ಗುಂಡಿನ ಅಚ್ಚೇ ಕಾಣುತ್ತದೆ.

ಎಷ್ಟು ತಿರುವು ಬೇಕು ಅನ್ನುವುದಕ್ಕೆ 1879ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಒಂದು ಸುಲಭ ಲೆಕ್ಕ ಕೊಟ್ಟರು. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಷ್ಟು ಇಂಚಿಗೆ ಒಂದು ಸುತ್ತು ಸಾಕು ಅಂತ ಸಿಗುತ್ತದೆ. ತ್ರೀ ನಾಟ್ ತ್ರೀ ಗುಂಡು ಸುಮಾರು ಒಂದೂಕಾಲು ಇಂಚು ಉದ್ದ, 0.311 ಇಂಚು ದಪ್ಪ. ಲೆಕ್ಕ ಹಾಕಿದರೆ 11 ಇಂಚು ಚಿಲ್ಲರೆ. ರೈಫಲ್ಲಿನಲ್ಲಿರುವುದು 10, ಅಂದರೆ ಇನ್ನೂ ಕಡಿಮೆ ಇಂಚಿಗೇ ಒಂದು ಸುತ್ತು, ಒಂದಿಷ್ಟು ಜಾಸ್ತಿಯೇ ಬಿಗಿ. ಗಮನಿಸಿ, ಈ ಲೆಕ್ಕದಲ್ಲಿ ಗುಂಡಿನ ತೂಕ ನೇರವಾಗಿ ಬರುವುದೇ ಇಲ್ಲ. ಉದ್ದ ಗುಂಡಿಗೆ ಬಿಗಿ ತಿರುವು ಬೇಕು, ಅಷ್ಟೇ.

ನಳಿಕೆಯ ಉದ್ದವೂ ಇಲ್ಲಿ ಕಾಣುವುದಿಲ್ಲ! ಇದೇ ರೈಫಲ್ಲಿನ 'ಜಂಗಲ್ ಕಾರ್ಬೈನ್' ರೂಪದಲ್ಲಿ ನಳಿಕೆ ಸುಮಾರು 19 ಇಂಚು. ಗುಂಡು ಒಳಗೆ ಎರಡು ಸುತ್ತೂ ಪೂರ್ತಿ ಹಾಕುವುದಿಲ್ಲ. ಮದ್ದಿನ ಅನಿಲ ತಳ್ಳುವ ಹೊತ್ತು ಕಡಿಮೆಯಾಗಿ ವೇಗ ತಗ್ಗುತ್ತದೆ. ತಿರುಗುವ ವೇಗವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಗಾಳಿ ಪಲ್ಟಿ ಹೊಡೆಸುವ ಬಲವೂ ಕುಗ್ಗುತ್ತದೆ. ಹಾಗಾಗಿ ಗುಂಡಿನ ಸ್ಥಿರತೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಾರುತ್ತಾ ಹೋದಂತೆ ಇನ್ನೊಂದು ಮಜಾ: ಮುಂದೆ ಹೋಗುವ ವೇಗ ಬೇಗ ಇಳಿಯುತ್ತದೆ, ತಿರುಗಾಟ ನಿಧಾನಕ್ಕೆ ಇಳಿಯುತ್ತದೆ. ಹೀಗಾಗಿ ಶಬ್ದದ ವೇಗದ ಹತ್ತಿರ ಬರುವವರೆಗೆ ಸ್ಥಿರತೆ ಇನ್ನೂ ಗಟ್ಟಿಯಾಗುತ್ತದೆ.

ಗಾಳಿ ದಟ್ಟವಾದಷ್ಟೂ ಪಲ್ಟಿ ಹೊಡೆಸುವ ಬಲ ಜಾಸ್ತಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಒಂದೇ ಉಷ್ಣತೆಯಲ್ಲಿ ನಮ್ಮ ಗಾಳಿ ಮಂಗಳೂರಿನ ಕಡಲತೀರದ ಗಾಳಿಗಿಂತ ಸುಮಾರು ಶೇ. 10ರಷ್ಟು ತೆಳು. ತಿರುವು ಸಾಕೋ ಸಾಲದೋ ಅನ್ನುವ ಅಂಚಿನಲ್ಲಿರುವ ಉದ್ದ ಗುಂಡಿಗೆ ಇಲ್ಲಿ ಅಷ್ಟು ಲಾಭ. ಡಿಸೆಂಬರ್ ಬೆಳಗಿನ ಚಳಿಗೆ ಗಾಳಿ ದಟ್ಟವಾಗಿ ಅದರಲ್ಲೂ ಒಂದು ಪಾಲು ಖೋತಾ.