ಔಷಧಿ ಹೊಡೆದ ಮರದಲ್ಲಿ ಜೇಡ ಎಲ್ಲಿ?

ಶ್ರೀನಿವಾಸಪುರದ ಕಡೆಯ ಮಾವಿನ ತೋಪೊಂದರಲ್ಲಿ ಕೆಂಜಿಗಗಳ ಸಾಲನ್ನು ನೋಡುತ್ತ ನಿಂತಿದ್ದೆ. ಸಾಲಿನಿಂದ ಗೇಣು ದೂರದಲ್ಲಿ ಒಂದು ಮಾತ್ರ ಒಂಟಿಯಾಗಿ ಸುಳಿದಾಡುತ್ತಿತ್ತು. ಬೆರಳು ಹತ್ತಿರ ಒಯ್ದೆ. ಕೆಂಜಿಗವಾಗಿದ್ದರೆ ಕಚ್ಚಬೇಕಿತ್ತು, ಇದು ಎಲೆಯ ಅಂಚಿನಿಂದ ಧುಮುಕಿ ನೂಲಿನಲ್ಲಿ ನೇತಾಡಿತು. ಕಾಲು ಎಣಿಸಿದರೆ ಎಂಟು! ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿ ಆಡಿಸುತ್ತ ಇರುವೆಯ ವೇಷ ಹಾಕುವ ಜೇಡ ಅದು.

ತೋಟದ ಯಜಮಾನರನ್ನು ಕರೆದು ತೋರಿಸಿದೆ. "ಆ ಬದಿಯ ಮರಗಳಿಗೆ ಹೋದ ವಾರ ಔಷಧಿ ಹೊಡೆದಿದ್ದೇವೆ, ಅಲ್ಲಿ ಹುಡುಕಿ ನೋಡಿ" ಎಂದರು. ಅರ್ಧ ಗಂಟೆ ಹುಡುಕಿದೆ. ಸಿಕ್ಕಿದ್ದು ಹರಿದ ಎರಡು ಖಾಲಿ ಬಲೆಗಳು. ವಿಷವನ್ನು ಔಷಧಿ ಎನ್ನುವ ನಮ್ಮ ಮಾತು ಮರದ ಕಡೆಯಿಂದ ಸರಿ, ಜೇಡದ ಕಡೆಯಿಂದಲ್ಲ.

ಅವರ ಗುರಿಯೇನೋ ಜಿಗಿಹುಳು. ಹೂಗೊಂಚಲಿನ ರಸ ಹೀರಿ, ಅಂಟು ಸಿಹಿ ಸೋರಿಸಿ, ಎಲೆಗಳ ಮೇಲೆ ಕಪ್ಪು ಬೂಷ್ಟು ಬೆಳೆಯಲು ದಾರಿ ಮಾಡುವ ಕೀಟ. ಆದರೆ ಹನಿ ಬೀಳುವುದು ಎಲ್ಲರ ಮೇಲೂ. ಬಲೆ ನೇಯುವ ಜೇಡಕ್ಕೆ ಬಲೆಯೇ ಮುಳುವು: ತೇಲಿಬರುವ ಹನಿಗಳನ್ನು ಅಂಟುನೂಲು ಹಿಡಿದಿಟ್ಟುಕೊಳ್ಳುತ್ತದೆ. ಚಕ್ರದಂಥ ಬಲೆ ನೇಯುವ ಅನೇಕ ಜೇಡಗಳು ಹಳೆಯ ಬಲೆಯನ್ನು ತಿಂದು, ಅದೇ ಸರಕಿನಿಂದ ಹೊಸದನ್ನು ನೇಯುತ್ತವೆ. ವಿಷವೂ ಜೊತೆಗೆ ಹೊಟ್ಟೆ ಸೇರುತ್ತದೆ. ಸಾಯದೆ ಉಳಿದರೂ ಅವು ಆಮೇಲೆ ನೇಯುವ ಬಲೆ ಕಿರಿದಾಗಬಹುದು, ಸೊಟ್ಟಗಾಗಬಹುದು. ಬಲೆಯಿಲ್ಲದೆ ಅಲೆದು ಬೇಟೆಯಾಡುವ ಜೇಡಗಳು ಎಲೆಯ ಮೇಲೆ ಒಣಗಿದ ವಿಷವನ್ನು ತುಳಿಯುತ್ತಲೇ ಓಡಾಡಬೇಕು. ಲ್ಯಾಂಬ್ಡಾ ಸೈಹಲೋಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಜೇಡಗಳಿಗೆ ತೀರ ಮಾರಕ. ಬೇವಿನ ಸರಕು ಸಾಮಾನ್ಯವಾಗಿ ಅಷ್ಟು ಕ್ರೂರವಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಇನ್ನೊಂದು ಕೀಟನಾಶಕ ಗಿಡದ ರಸಕ್ಕೆ ಇಳಿಯುತ್ತದೆ. ಜೇಡ ರಸ ಕುಡಿಯುವುದಿಲ್ಲ, ನಿಜ. ರಸ ಕುಡಿದ ಹುಳುವನ್ನು ತಿನ್ನುತ್ತದೆ.

ಹೋದರೆ ಹೋಗಲಿ, ಒಂದು ಜೇಡ ದಿನಕ್ಕೆ ಎಷ್ಟು ಹುಳು ತಿಂದೀತು ಎಂದು ಕೇಳುವವರುಂಟು. ಇಸ್ರೇಲಿನ ಸೇಬಿನ ಮರಗಳಲ್ಲಿ ಸಂಶೋಧಕ ಮನ್ಸೂರ್ ಮತ್ತು ಸಂಗಡಿಗರು 1980ರ ಸುಮಾರಿಗೆ ಮಾಡಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಹತ್ತಿಗೂ ಸೇಬಿಗೂ ಬೀಳುವ, ಎಲೆ ತಿನ್ನುವ ಮರಿಹುಳುಗಳು ಜೇಡವಿದ್ದ ಕೊಂಬೆಗಳಲ್ಲಿ ಶೇ 98ರಷ್ಟು ಕಡಿಮೆಯಾದವು. ಜೇಡ ತಿಂದದ್ದು ಶೇ 64. ಉಳಿದ ಶೇ 34 ಕೊಂಬೆಯನ್ನೇ ಬಿಟ್ಟು ಹೋದವು. ಜೇಡವಿಲ್ಲದ ಕೊಂಬೆಗಳಿಂದ ಹೀಗೆ ಗುಳೆ ಹೋದದ್ದು ಶೇ 1.4 ಮಾತ್ರ. ತೋಟದ ನಾಯಿ ಪ್ರತಿ ಕಳ್ಳನನ್ನೂ ಕಚ್ಚಬೇಕಿಲ್ಲವಲ್ಲ.

ಹಾಗೆಂದು ಹೂ ಬಿಡುವ ಕಾಲದಲ್ಲಿ ಜಿಗಿಹುಳು ಮುತ್ತಿಗೆ ಹಾಕಿದಾಗ ಜೇಡವೊಂದೇ ತಡೆದೀತು ಎಂದು ನಾನು ಹೇಳಲಾರೆ. ಅದು ಜೇನ್ನೊಣವನ್ನೂ ಹಿಡಿಯುತ್ತದೆ, ಇನ್ನೊಂದು ಜೇಡವನ್ನೂ ತಿನ್ನುತ್ತದೆ. ನನ್ನ ತಕರಾರು ಹುಳು ಕಂಡಿತೋ ಇಲ್ಲವೋ ನೋಡದೆ ಕ್ಯಾಲೆಂಡರ್ ನೋಡಿ ಹೊಡೆಯುವುದರ ಬಗ್ಗೆ. ಜಿಗಿಹುಳುವಿನ ಹೊಸ ಪೀಳಿಗೆ ಕೆಲವೇ ವಾರಗಳಲ್ಲಿ ಎದ್ದು ನಿಲ್ಲುತ್ತದೆ. ಅನೇಕ ಜೇಡಗಳಿಗೆ ವರ್ಷಕ್ಕೆ ಒಂದೇ ಪೀಳಿಗೆ. ಖಾಲಿಯಾದ ಮರಕ್ಕೆ ಮರಿಜೇಡಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಬರುತ್ತವೆ, ಆದರೆ ಎಲ್ಲ ಜಾತಿಯವೂ ಅಷ್ಟು ಚೆನ್ನಾಗಿ ತೇಲುವುದಿಲ್ಲ. ಹೀಗಾಗಿ ಎಣಿಕೆ ಮೊದಲಿನಷ್ಟೇ ಆದರೂ ಮರದಲ್ಲಿರುವ ಬಳಗ ಬೇರೆಯಾಗಿರಬಹುದು.

ಆ ತೋಪಿನ ಬೇಲಿಯಲ್ಲಿ ಹೊಂಗೆ, ಲಂಟಾನ ಇನ್ನೂ ಉಳಿದಿವೆ. ಬೇಲಿಯ ಪಕ್ಕದ ಎರಡು ಸಾಲಿಗೆ, ಗೊಂಚಲುಗಳಲ್ಲಿ ಜಿಗಿಹುಳು ಎಣಿಸಿದ ಮೇಲಷ್ಟೇ ಔಷಧಿ ಎಂದು ಯಜಮಾನರು ಒಪ್ಪಿದ್ದಾರೆ. ಎಣಿಸುವ ಕೆಲಸ ನನ್ನ ಪಾಲಿಗೇ ಬಂದಿದೆ.