ಮೈತುಂಬಿದ ಆಕಳು ಹಿಂಡಿ ತಿನ್ನುವುದು ಬಿಡುವುದೇಕೆ?

ಕುಂದಗೋಳ ಕಡೆಯ ಹಳ್ಳಿಯೊಂದರಿಂದ ಮೊನ್ನೆ ಫೋನ್ ಬಂತು. "ಡಾಕ್ಟರ ಸಾಹೇಬ್ರ, ಎಚ್‌ಎಫ್ ಆಕಳ ಈದು ಹನ್ನೆರಡು ದಿನ ಆತ್ರೀ. ಹಿಂಡಿ ಮೂಸಿ ನೋಡಿ ಮುಖಾ ತಿರುವತೈತಿ. ಕಣಕಿ ಅಷ್ಟ ತಿಂತೈತಿ. ಹಾಲೂ ಇಳದೈತಿ."

ಹೋಗಿ ನೋಡಿದರೆ ಜ್ವರ ಇಲ್ಲ. ಉಸಿರಿಗೆ ಮಾತ್ರ ಕಳಿತ ಹಣ್ಣಿನಂಥ ವಾಸನೆ. ಪರೀಕ್ಷೆಯ ಪುಡಿಯ ಮೇಲೆ ನಾಲ್ಕು ಹನಿ ಹಾಲು ಹಾಕಿದೆ. ಪುಡಿ ನೇರಳೆಯಾಯಿತು. ಕೀಟೋಸಿಸ್! ಮೈಯ ಕೊಬ್ಬು ಅತಿಯಾಗಿ ಕರಗಿ ಬರುವ ರೋಗ. ಮನೆಯವರಿಗೆ ನಂಬಿಕೆ ಬರಲಿಲ್ಲ. ಗಬ್ಬ ಇದ್ದಾಗ ಕೇಳಿದಷ್ಟು ಹಿಂಡಿ ಹಾಕಿದ್ದರಂತೆ. ತೊಂದರೆ ಶುರುವಾದದ್ದೇ ಅಲ್ಲಿ.

ಕೊಬ್ಬು ಸುಮ್ನೆ ಬಿದ್ದಿರುವ ದಾಸ್ತಾನು ಎಂದೇ ನಮ್ಮ ಕಾಲದಲ್ಲಿ ಓದಿದ್ದು. 1994ರಲ್ಲಿ ಲೆಪ್ಟಿನ್ ಪತ್ತೆಯಾಯಿತು. ಕೊಬ್ಬಿನ ಕೋಶಗಳೇ ರಕ್ತಕ್ಕೆ ಬಿಡುವ ಹಾರ್ಮೋನ್ ಇದು. 'ದಾಸ್ತಾನು ತುಂಬಿದೆ, ಮೇಯೋದು ಸಾಕು' ಎಂದು ಮಿದುಳಿಗೆ ಹೇಳುತ್ತದೆ. ಕೊಬ್ಬು ಜಾಸ್ತಿ ಇದ್ದಷ್ಟೂ ಲೆಪ್ಟಿನ್ ಜಾಸ್ತಿ. ಹಸಿವು ಎಬ್ಬಿಸುವ ಗ್ರೆಲಿನ್ ಸಿಕ್ಕಿದ್ದು 1999ರಲ್ಲಿ. ದನಗಳಲ್ಲಿ ಅದು ಹೆಚ್ಚಾಗಿ ಹುಟ್ಟುವುದು ನಾಲ್ಕನೇ ಹೊಟ್ಟೆಯಲ್ಲಿ.

ಈದ ಮೇಲೆ ಆಟವೇ ಬೇರೆ. ಇನ್ಸುಲಿನ್ ಇಳಿಯುತ್ತದೆ, ಬೆಳವಣಿಗೆಯ ಹಾರ್ಮೋನ್ ಏರುತ್ತದೆ. ಇನ್ಸುಲಿನ್ ಅಂದರೆ ಕೊಬ್ಬಿನ ಹಗೇವಿನ ಮೇಲಿನ ಮುಚ್ಚಳ ಇದ್ದಂತೆ. ಅದು ಸರಿದರೆ ಕೊಬ್ಬು ಕರಗಿ ರಕ್ತಕ್ಕೆ ಇಳಿಯುತ್ತದೆ. ಹಾಲು ಏರಿ ನಿಲ್ಲುವುದು 4ರಿಂದ 8ನೇ ವಾರಕ್ಕೆ, ಮೇವು ಪೂರಾ ತಿನ್ನುವುದು 10-12ನೇ ವಾರಕ್ಕೆ. ನಡುವಿನ ಕೊರತೆ ತುಂಬುವುದು ಈ ಕೊಬ್ಬು. ಹದವಾಗಿದ್ದ ಆಕಳು ಇದನ್ನು ದಾಟುತ್ತದೆ. ದಪ್ಪ ಆಕಳು ಮೊದಲೇ ಕಡಿಮೆ ತಿನ್ನುತ್ತದೆ, ಹಾಗಾಗಿ ಕೊಬ್ಬು ಒಮ್ಮೆಲೇ ಲಿವರ್‌ಗೆ ನುಗ್ಗುತ್ತದೆ. ಅಲ್ಲಿ ಅರೆಬರೆ ಉರಿದದ್ದೇ ಕೀಟೋನ್. ಅದು ಏರಿದರೆ ಇದ್ದಬದ್ದ ಹಸಿವೂ ಹೋಗುತ್ತದೆ.

ನೌಕರಿಯ ಹೊಸತರಲ್ಲಿ ಇಂಥದ್ದೇ ಆಕಳಿಗೆ ನಾಲ್ಕು ದಿನ ಹಸಿವಿನ ಪುಡಿ ತಿನ್ನಿಸಿ ಕಾಯುತ್ತ ಕೂತಿದ್ದೆ. ಪುಡಿಯೇನು ಮಾಡೀತು, ಅಲ್ವಾ? ಈ ಸಲ ನರಕ್ಕೆ ಗ್ಲೂಕೋಸ್ ಹಾಕಿ, ಬಾಯಿಗೆ ಪ್ರೊಪಿಲಿನ್ ಗ್ಲೈಕಾಲ್ ಎಂಬ, ಮೈಯೊಳಗೆ ಗ್ಲೂಕೋಸ್ ಆಗುವ ದ್ರವ ಕೊಟ್ಟೆ. ಮೂರನೇ ದಿನ ಹಿಂಡಿಗೆ ಬಾಯಿ ಹಾಕಿತು.

ಪಕ್ಕದಲ್ಲೇ ಏಳು ತಿಂಗಳ ಗಬ್ಬದ ಇನ್ನೊಂದು ಆಕಳು ಕಟ್ಟಿತ್ತು. ಬಾಲದ ಬುಡ ಮುಟ್ಟಿ ನೋಡಿದೆ, ಮೆತ್ತಗೆ ದಿಂಬಿನ ಹಾಗೆ. ಪಕ್ಕೆಲುಬು ಕೈಗೆ ಸಿಗಲಿಲ್ಲ. ಮೈಯ ಕೊಬ್ಬಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಈಯುವಾಗ ಮೂರು, ಹೆಚ್ಚೆಂದರೆ ಮೂರೂವರೆ ಇರಬೇಕು. ಹಿಂಡಿ ಇಳಿಸಿ, ಕಣಕಿ ಹಾಕಿ, ಕೊನೆಯ ಎರಡು-ಮೂರು ವಾರ ಮತ್ತೆ ಸ್ವಲ್ಪ ಸ್ವಲ್ಪ ಹಿಂಡಿ ರೂಢಿ ಮಾಡಿಸಿ ಎಂದೆ.

ಮನೆಯ ಅಜ್ಜಿಗೆ ಸಿಟ್ಟು ಬಂತು. "ಬಸರಿ ಬಾಯಾಗಿಂದ ಕಸಗೊಳ್ಳಾಕ ಹೇಳ್ತೀರಲ್ರೀ ನೀವು!"

ಅಜ್ಜಿಯ ಕೈಯನ್ನೇ ಹಿಡಿದು ಆ ಬಾಲದ ಬುಡದ ಮೇಲೆ ಇಟ್ಟೆ.