ಐಸಿಯು ಬಾಗಿಲ ಹೊರಗೆ ಕೂತವರಿಗೆ ಯಾರು ಹೇಳಬೇಕು?

ಮುಂಬೈಯ ಯಾವುದೇ ದೊಡ್ಡ ಆಸ್ಪತ್ರೆಯ ಐಸಿಯು ಹೊರಗೆ ಸ್ವಲ್ಪ ಹೊತ್ತು ನಿಂತು ನೋಡಿ. ಪರೇಲ್ ಇರಲಿ, ಸಯನ್ ಇರಲಿ, ಗೋಡೆಗೆ ಒರಗಿ ಚಾಪೆ ಹಾಸಿಕೊಂಡ ನೆಂಟರು, ಪಕ್ಕದಲ್ಲಿ ನೀರಿನ ಬಾಟ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ರಿಪೋರ್ಟುಗಳು. ಆಗಾಗ ಬಾಗಿಲು ಅರ್ಧ ತೆರೆಯುತ್ತದೆ. ರೋಗಿಯ ಹೆಸರು ಕೂಗುತ್ತಾರೆ. ಕೈಗೆ ಒಂದು ಚೀಟಿ ಬರುತ್ತದೆ. ಔಷಧಿಯದ್ದು, ಇಲ್ಲವೇ ರಕ್ತದ್ದು. "ಎರಡು ಬಾಟ್ಲಿಗೆ ವ್ಯವಸ್ಥೆ ಮಾಡಿ." ಒಳಗಿರುವವರು ಹೇಗಿದ್ದಾರೆ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಮನೆಯವರಿಗೆ ಸರಿಯಾಗಿ ಹೇಳುವವರಿಲ್ಲ ಅನ್ನೋದು ಒಂದು ದೂರು. ಜನ ರಕ್ತ ಕೊಡಲು ಮುಂದೆ ಬರೋದಿಲ್ಲ ಅನ್ನೋದು ಇನ್ನೊಂದು. ಎರಡನ್ನೂ ಬೇರೆ ಬೇರೆ ಕಡತದಲ್ಲಿ ಇಡುತ್ತೇವೆ. ನನಗೆ ಇವು ಒಂದೇ ಗಂಟಿನ ಎರಡು ತುದಿಗಳಂತೆ ಕಾಣುತ್ತವೆ. ಆ ಗಂಟು ಬಿಚ್ಚಲು ಎಲ್ಲರಿಗಿಂತ ಹತ್ತಿರ ಇರುವವರು ನರ್ಸುಗಳು.

ಐಸಿಯು ತೀರಾ ಹಳೆಯದೇನಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಉಸಿರಾಡಲಾಗದ ರೋಗಿಗಳ ಗಂಟಲಿಗೆ ಕೊಳವೆ ಹಾಕಿ, ಕೈಯಿಂದ ಚೀಲ ಒತ್ತಿ ಗಾಳಿ ಕೊಡುವ ದಾರಿಯನ್ನು ಬ್ಯೋರ್ನ್ ಇಬ್ಸೆನ್ ಎಂಬ ಡಾಕ್ಟರು ತೋರಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಚೀಲ ಒತ್ತಿದರು. ಅಂಥ ರೋಗಿಗಳನ್ನೆಲ್ಲ ಒಂದೇ ಕಡೆ ಇಟ್ಟು ನೋಡಿಕೊಳ್ಳುವ ಪದ್ಧತಿ ಅಲ್ಲಿಂದ ಬೆಳೆಯಿತು. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಂಬೈಯ ಡಾ. ಫರೋಖ್ ಉದ್ವಾಡಿಯಾ ಅವರ ಹೆಸರು ಮೊದಲ ಸಾಲಿನಲ್ಲಿದೆ. ಐಸಿಯು ಡಾಕ್ಟರುಗಳ ಅಖಿಲ ಭಾರತ ಸಂಘ 1993ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ.

ಯಂತ್ರಗಳು ಒಳಗೆ ಬಂದವು, ಮನೆಯವರು ಹೊರಗೆ ಹೋದರು. ಸೋಂಕು ತಗಲುತ್ತದೆ, ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬ ಕಾರಣಗಳಿದ್ದವು. ಆದರೆ ಹೊರಗೆ ಕೂತವರಿಗೆ ಏನು ಬೇಕು ಎಂದು ಕೇಳುವುದಕ್ಕೆ ಬಹಳ ಕಾಲ ಹಿಡಿಯಿತು. 1979ರಲ್ಲಿ ಅಮೆರಿಕದ ನ್ಯಾನ್ಸಿ ಮೋಲ್ಟರ್ ಎಂಬ ನರ್ಸ್ ಆ ಕೆಲಸ ಮಾಡಿದರು. 40 ಮಂದಿ ನೆಂಟರ ಮುಂದೆ 45 ಅಗತ್ಯಗಳ ಪಟ್ಟಿ ಇಟ್ಟು, ಯಾವುದು ಎಷ್ಟು ಮುಖ್ಯ ಎಂದು ಕೇಳಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಭರವಸೆ ಇದೆ ಎಂದು ಅನಿಸಬೇಕು ಅನ್ನೋದು. ಕೇಳಿದ್ದಕ್ಕೆ ಪ್ರಾಮಾಣಿಕ ಉತ್ತರ, ದಿನಕ್ಕೊಮ್ಮೆ ಸುದ್ದಿ, ಇಲ್ಲಿಯವರಿಗೆ ನಮ್ಮ ರೋಗಿಯ ಬಗ್ಗೆ ಕಾಳಜಿ ಇದೆ ಎಂಬ ನಂಬಿಕೆ, ಇವೂ ಮೇಲೇ ಇದ್ದವು. ಕೂರಲು ಒಳ್ಳೆ ಕುರ್ಚಿ ಕೆಳಗಿತ್ತು. ಚಾಪೆಯ ಮೇಲೆ ರಾತ್ರಿ ಕಳೆದವರಿಗೆ ಇದು ಬೇಗ ಅರ್ಥವಾಗುತ್ತದೆ.

ಅಮೆರಿಕದ 5 ಐಸಿಯುಗಳಲ್ಲಿ 1420 ರೋಗಿಗಳ ವಿಷಯದಲ್ಲಿ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ತರಬೇತಾದ ನರ್ಸುಗಳು ಮನೆಯವರನ್ನು ದಿನಾ ಭೇಟಿಯಾಗುವುದು, ಡಾಕ್ಟರ ಜೊತೆ ಕೂರಿಸಿ ಮಾತಾಡಿಸುವುದು, ಇಷ್ಟೇ ಉಪಾಯ. ತಿಂಗಳುಗಳ ನಂತರ ನೋಡಿದಾಗ ಮನೆಯವರ ಆತಂಕವೇನೂ ಕಡಿಮೆಯಾಗಿರಲಿಲ್ಲ. ಅದನ್ನು ಮುಚ್ಚಿಡಬಾರದು. ಆದರೆ ನಮ್ಮ ಜೊತೆ ಚೆನ್ನಾಗಿ ಮಾತಾಡಿದರು, ನಮ್ಮ ರೋಗಿಗೆ ಏನು ಇಷ್ಟವಾಗುತ್ತಿತ್ತು ಎಂದು ಕೇಳಿದರು ಎಂದು ಹೇಳಿದವರು ಜಾಸ್ತಿಯಾದರು. ನನಗೆ ಇದು ಸಣ್ಣ ಗಳಿಕೆ ಅನಿಸುವುದಿಲ್ಲ. ಮನೆಯವರ ದುಃಖವನ್ನು ಯಾವ ನರ್ಸೂ ತೆಗೆಯಲಾರಳು. ಆದರೆ ಅವರನ್ನು ಕತ್ತಲಲ್ಲಿ ಇಡದೇ ಇರಲು ಆಕೆಗೆ ಸಾಧ್ಯ.

ನರ್ಸುಗಳೇ ಮನೆಯವರಾದ ಚರಿತ್ರೆಯೂ ಮುಂಬೈಗಿದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಅಲ್ಲಿಯ ಸಿಬ್ಬಂದಿಯೊಬ್ಬ ಹಲ್ಲೆ ಮಾಡಿದ. ಆಕೆ ಮತ್ತೆ ಮೊದಲಿನಂತಾಗಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಜಾಸ್ತಿ ಕಾಲ, ಕೆಇಎಂನ ನರ್ಸುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಅವರನ್ನು ನೋಡಿಕೊಂಡರು. ಜೀವಾಧಾರ ನಿಲ್ಲಿಸಬೇಕೆಂದು ಹೊರಗಿನವರು ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ಮಾರ್ಚ್ 7ರ ತೀರ್ಪು ಆ ಅರ್ಜಿಯನ್ನು ಒಪ್ಪಲಿಲ್ಲ. ಆಕೆಯ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಇದೆ ಎಂದಿತು. ಅದೇ ತೀರ್ಪು ಜೀವಾಧಾರ ಹಿಂತೆಗೆಯುವ ಪ್ರಶ್ನೆಗೆ ಕಾನೂನಿನ ಬಾಗಿಲು ತೆರೆಯಿತು. 2018ರಲ್ಲಿ ಅದು ಇನ್ನೂ ಸ್ಪಷ್ಟವಾಯಿತು. 2023ರಲ್ಲಿ ಕ್ರಮ ಸ್ವಲ್ಪ ಸುಲಭವಾಯಿತು. ಇಂದು ಅಂಥ ಮಾತು ಎತ್ತಬೇಕಾದರೆ ಮನೆಯವರಿಗೆ ಮೊದಲಿನಿಂದ ಎಲ್ಲ ತಿಳಿದಿರಬೇಕು. ಕೊನೆಯ ದಿನ ಏಕಾಏಕಿ ಹೇಳುವ ವಿಷಯವಲ್ಲ ಅದು.

ಈಗ ರಕ್ತದ ವಿಷಯ. ದುಡ್ಡು ತೆಗೆದುಕೊಂಡು ರಕ್ತ ಕೊಡುವವರು ಆಸ್ಪತ್ರೆಗಳ ಸುತ್ತ ಸಿಗುತ್ತಿದ್ದ ಕಾಲ ಒಂದಿತ್ತು. ಹೊಟ್ಟೆಪಾಡಿಗಾಗಿ ಮತ್ತೆ ಮತ್ತೆ ಕೊಡುವವರು, ಕಾಯಿಲೆ ಮುಚ್ಚಿಡುವವರು ಅವರಲ್ಲಿದ್ದರು. ಎಚ್‌ಐವಿ ಬಂದ ಮೇಲೆ ಭಯ ಹೆಚ್ಚಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ದಂಧೆ ನಿಲ್ಲಬೇಕೆಂದಿತು. 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಆ ಜಾಗ ತುಂಬಿದ್ದು ಬದಲಿ ರಕ್ತದ ಪದ್ಧತಿ. ಒಂದು ಬಾಟ್ಲಿ ಬೇಕಾದರೆ ಮನೆಯವರು ಒಂದು ಬಾಟ್ಲಿ ಕೊಡಿಸಬೇಕು. 2002ರ ರಾಷ್ಟ್ರೀಯ ರಕ್ತ ನೀತಿ ಇದನ್ನೂ ಕ್ರಮೇಣ ಬಿಡಬೇಕು, ಸ್ವಂತ ಇಚ್ಛೆಯಿಂದ ಕೊಟ್ಟ ರಕ್ತವೇ ಸಾಕಾಗಬೇಕು ಎಂದಿತು. ಚೀಟಿ ಮಾತ್ರ ಇನ್ನೂ ಕೈಗೆ ಬರುತ್ತಲೇ ಇದೆ.

ಒತ್ತಾಯದ ರಕ್ತದಲ್ಲಿ ತೊಂದರೆ ಏನು ಅಂತೀರಾ? ಅಣ್ಣ ಐಸಿಯುನಲ್ಲಿ ಮಲಗಿರುವಾಗ ತಮ್ಮನಾದವನು ರಕ್ತದಾನದ ಫಾರ್ಮಿನ ಪ್ರಶ್ನೆಗಳಿಗೆ ನಿಜ ಹೇಳಲಾರ. ಹೋದ ತಿಂಗಳು ಕಾಮಾಲೆ ಆಗಿತ್ತು ಎಂದರೆ ಬೇಡ ಅಂತಾರೆ, ಆಮೇಲೆ ಅಣ್ಣನ ಗತಿ ಏನು ಎಂದು ಹೆದರುತ್ತಾನೆ. ಸೋಂಕಿನ ಮೊದಲ ದಿನಗಳಲ್ಲಿ ಪರೀಕ್ಷೆಗೂ ಸಿಗದ ಕಾಯಿಲೆಗಳಿವೆ. ಹಾಗಾಗಿ ಕೊಡುವವನ ಪ್ರಾಮಾಣಿಕ ಮಾತೇ ಮೊದಲ ಕಾವಲು. ಮನೆಯ ರಕ್ತವೇ ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿ ಕಣಗಳು ಅಪರೂಪಕ್ಕೆ ರೋಗಿಯ ಮೈಯನ್ನೇ ಹಾಳುಮಾಡುತ್ತವೆ. ಅದಕ್ಕೇ ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಕೊಡಬೇಕಾಗುತ್ತದೆ.

ಇಂಥ ಕಡೆ ನರ್ಸಿನ ನಾಲ್ಕು ಮಾತು ಏನು ಮಾಡುತ್ತದೆ ಎಂಬುದನ್ನು ನಾನು ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ಕಂಡಿದ್ದೇನೆ. ಕುಂದಾಪುರ ಕಡೆಯ ಹೋಟೆಲ್ ಕೆಲಸದವನೊಬ್ಬನಿಗೆ ಹೊಟ್ಟೆಯೊಳಗೆ ರಕ್ತಸ್ರಾವ. ಹೊರಗೆ ಅವನ ಅಣ್ಣ. ಮರಾಠಿ ಅಷ್ಟಕ್ಕಷ್ಟೆ, ಡಾಕ್ಟರು ಹೇಳಿದ್ದು ತಲೆಗೆ ಹೋಗಿರಲಿಲ್ಲ. ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಹೊರಗೆ ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತರು.

"ತಮ್ಮನಿಗೆ ರಕ್ತ ಹೋಗುದು ಈಗ ಕಡಿಮೆ ಉಂಟು. ಪೂರ್ತಿ ನಿಂತಿದೆ ಅಂತ ಹೇಳ್ಲಿಕ್ಕೆ ಇನ್ನೂ ಆಗುದಿಲ್ಲ. ಬಾಯಲ್ಲಿ ಪೈಪ್ ಉಂಟಲ್ಲ, ಹಾಗೆ ಮಾತಾಡ್ಲಿಕ್ಕೆ ಆಗುದಿಲ್ಲ. ಒಳಗೆ ಬಂದಾಗ ನೀವು ಮಾತಾಡಿ, ಕೈ ಹಿಡ್ಕೊಳ್ಳಿ."

"ರಕ್ತ ನಾನೇ ಕೊಡ್ತೆ ಸಿಸ್ಟರ್. ಒಂದೇ ತಾಯಿ ಮಕ್ಕಳು ನಾವು."

"ಅವರಿಗೆ ಬೇಕಾದ್ದು ಬ್ಲಡ್ ಬ್ಯಾಂಕಿನಲ್ಲಿ ಇತ್ತು, ಹಾಕಿ ಆಗಿದೆ. ಯಾರೋ ಕೊಟ್ಟದ್ದು. ನೀವು ನಿನ್ನೆಯಿಂದ ಊಟ ಮಾಡಿಲ್ಲ, ಇವತ್ತು ಬೇಡ. ಮನಸ್ಸಿದ್ರೆ ಮತ್ತೆ ಕೊಡಿ, ಯಾರಿಗಾದ್ರೂ ಆಗ್ತದೆ."

ಆತ ಬೆಂಚಿನಿಂದ ಎದ್ದು ಮೊದಲು ಚಹಾ ಕುಡಿಯಲು ಹೋದ. ತಮ್ಮನನ್ನು ವಾರ್ಡಿಗೆ ತಂದ ಮೇಲೆ ಹೋಟೆಲಿನ ಗೆಳೆಯರನ್ನೂ ಕರೆದುಕೊಂಡು ಬ್ಲಡ್ ಬ್ಯಾಂಕಿಗೆ ಹೋಗಿ ಕೊಟ್ಟ. ಕೆಟ್ಟ ಸುದ್ದಿ ಮತ್ತು ರಕ್ತದ ಬೇಡಿಕೆ ಒಂದೇ ಉಸಿರಿನಲ್ಲಿ ಬರಬಾರದು ಅನ್ನೋದನ್ನು ಆ ಸಿಸ್ಟರ್ ಎಷ್ಟು ಚೆನ್ನಾಗಿ ತಿಳಿದಿದ್ದರು!

ವಿವರಿಸುವುದು ಇನ್ನೂ ಇದೆ. ಶಕ್ತಿಗೆ ಒಂದು ಬಾಟ್ಲಿ ಹಾಕಿಬಿಡಿ ಎಂದು ಮನೆಯವರು ಕೇಳುತ್ತಾರೆ. ಕೆನಡಾದಲ್ಲಿ 838 ಐಸಿಯು ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ, ಹಿಮೋಗ್ಲೋಬಿನ್ 7ಕ್ಕಿಂತ ಇಳಿಯುವವರೆಗೆ ಕಾದರೂ ಹೆಚ್ಚಿನವರಿಗೆ ನಷ್ಟವಿಲ್ಲ ಎಂದು ತೋರಿಸಿತು. 8ಕ್ಕೆ ಇಳಿದರೂ ರಕ್ತ ಹಾಕಲಿಲ್ಲ ಎಂಬ ಸಿಟ್ಟಿಗೆ ಇದು ಉತ್ತರ. ಅದನ್ನು ಯಾರಾದರೂ ಕೂತು ಹೇಳಬೇಕಲ್ವಾ?

ಮನೆಯವರ ರಕ್ತವೇ ಬೇಕಾಗುವ ಪ್ರಸಂಗವೂ ಇದೆ, ಅದು ಈ ಊರಿನ ಹೆಸರನ್ನೇ ಹೊತ್ತಿದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇಲ್ಲಿ ಗುರುತಿಸಿದ ಬಾಂಬೆ ರಕ್ತದ ಗುಂಪು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮಾಮೂಲಿ ಪರೀಕ್ಷೆಯಲ್ಲಿ 'ಓ' ಎಂದೇ ಕಾಣುತ್ತದೆ. ಆದರೆ 'ಓ' ರಕ್ತ ಹಾಕಿದರೆ ಪ್ರಾಣಕ್ಕೇ ಅಪಾಯ. ರೋಗಿಯ ರಕ್ತದ ಜೊತೆ ಹೊಂದಿಸಿ ನೋಡುವಾಗ ಎಲ್ಲ ಬಾಟ್ಲಿಯೂ ಹೊಂದದೇ ಹೋದರೆ ಆಗ ಸುಳಿವು ಸಿಗುತ್ತದೆ. ತಂದೆತಾಯಿ ಇಬ್ಬರಿಂದಲೂ ಬರುವ ಗುಣವಾದ್ದರಿಂದ ಒಡಹುಟ್ಟಿದವರಲ್ಲಿ ಅದೇ ಗುಂಪು ಇರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಊರಿನಲ್ಲಿರುವ ಅಕ್ಕತಂಗಿ, ಅಣ್ಣತಮ್ಮಂದಿರನ್ನು ಪರೀಕ್ಷೆಗೆ ಕಳಿಸಿ ಎಂದು ಹೇಳುವಾಗ, ಯಾಕೆ ಎಂದು ವಿವರಿಸಿದರೆ ಮಾತ್ರ ಅವರು ಆ ಹೊತ್ತಿಗೆ ಹೊರಡುತ್ತಾರೆ.

ಕೋವಿಡ್ ಕಾಲದಲ್ಲಿ ಐಸಿಯು ಬಾಗಿಲು ಪೂರ್ತಿ ಮುಚ್ಚಿತು. ಆಗ ಪಿಪಿಇ ಕಿಟ್‌ನೊಳಗಿಂದ ನರ್ಸುಗಳೇ ಮೊಬೈಲ್ ಹಿಡಿದು ವಿಡಿಯೊ ಕಾಲ್ ಮಾಡಿ ಮುಖ ತೋರಿಸಿದರು. ಕೆಲವರಿಗೆ ಅದೇ ಕೊನೆಯ ನೋಟವಾಯಿತು. ಆ ಕೆಲಸಕ್ಕೆ ಯಾವ ಡ್ಯೂಟಿ ಪಟ್ಟಿಯಲ್ಲೂ ಹೆಸರಿರಲಿಲ್ಲ.

ನನ್ನ ತಕರಾರು ಇಲ್ಲೇ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ತುಂಬಿದ ಆಸ್ಪತ್ರೆಯಲ್ಲಿ ಒಬ್ಬರೇ ಮೂರ್ನಾಲ್ಕು ಹಾಸಿಗೆ ನೋಡುವಾಗ ಮಾತಿಗೆ ಸಮಯ ಎಲ್ಲಿಂದ ಬರಬೇಕು? ಸುಮ್ನೆ ನರ್ಸುಗಳು ಸಿಡುಕುತ್ತಾರೆ ಎಂದು ದೂರುವುದು ಅನ್ಯಾಯ. ಮನೆಯವರ ಜೊತೆ ಮಾತಾಡುವುದನ್ನು ಇಂಜೆಕ್ಷನ್, ಡ್ರೆಸಿಂಗಿನಷ್ಟೇ ಕೆಲಸವೆಂದು ಎಣಿಸಬೇಕು. ಅದಕ್ಕೆ ಹೊತ್ತು ಗೊತ್ತು ಮಾಡಬೇಕು. ಯಾರಿಗೆ ಏನು ಹೇಳಿದೆ ಎಂದು ಕೇಸ್ ಪೇಪರಿನಲ್ಲಿ ಬರೆದು ಮುಂದಿನ ಪಾಳಿಗೆ ಒಪ್ಪಿಸಬೇಕು. ಬೆಳಿಗ್ಗೆಯವರು ಒಂದು, ರಾತ್ರಿಯವರು ಇನ್ನೊಂದು ಹೇಳಿದರೆ ನಂಬಿಕೆ ಅಲ್ಲೇ ಮುರಿಯುತ್ತದೆ.

ಮುಂಬೈಯ ಕನ್ನಡ, ತುಳು ಸಂಘಗಳಿಗೂ ಒಂದು ಮಾತು. ಈ ಊರಿನಲ್ಲಿ ರಕ್ತ ತೀರಾ ಕಡಿಮೆಯಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಾಲೇಜುಗಳಿಗೆ ರಜೆ, ನಮ್ಮವರೆಲ್ಲ ಮತ್ಸ್ಯಗಂಧ ರೈಲು ಹತ್ತಿ ಊರಿಗೆ. ಆಮೇಲೆ ಮಳೆ ಶುರುವಾದರೆ ಡೆಂಗಿ. ಆಗ ಪ್ಲೇಟ್‌ಲೆಟ್ ಬೇಕು, ಅದು ಇಟ್ಟರೆ 5 ದಿನ ಮಾತ್ರ ಉಳಿಯುತ್ತದೆ. ಕೆಂಪು ಕಣಗಳೂ 35ರಿಂದ 42 ದಿನ ಅಷ್ಟೇ. ವಾರ್ಷಿಕೋತ್ಸವದ ಒಂದೇ ದಿನ ನೂರಾರು ಬಾಟ್ಲಿ ಸೇರಿಸುವುದಕ್ಕಿಂತ ವರ್ಷದುದ್ದಕ್ಕೂ ಹಂಚಿ ಶಿಬಿರ ಇಡುವುದು ಒಳ್ಳೆಯದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5 ಇರಬೇಕು. ಜನವರಿ ಕೊನೆಯಲ್ಲಿ ಕೊಟ್ಟ ಗಂಡಸು ಮೇ ಮೊದಲ ವಾರ ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಕೊಟ್ಟು ಹೋಗಬಹುದು.